ಒಂದೆರಡು ಹನಿ ರಕ್ತ, ತಿರುಗುವ ಡಿಸ್ಕ್: ಸಣ್ಣ ಮಾದರಿ ಕೆಡದಂತೆ ಪರೀಕ್ಷೆ ಮುಗಿಸುವ ಸಮಗ್ರ ಮಾರ್ಗದರ್ಶಿ

"ಮೇಡಂ, ಡಿಸ್ಕ್ ಮತ್ತೆ ಹಾಳಾಯಿತು. ಮಾದರಿ ಸಾಲದು ಎಂದು ತೋರಿಸುತ್ತಿದೆ. ನಾನು ಸರಿಯಾಗಿಯೇ ಹಾಕಿದ್ದೆ." ಮದ್ದೂರು, ಮಳವಳ್ಳಿ, ಪಾಂಡವಪುರದ ಸಣ್ಣ ಲ್ಯಾಬುಗಳಿಂದ ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತವೆ. ಕರೆ ಮಾಡಿದವರು ಯಂತ್ರದ ಮೇಲೆ, ಅಂದರೆ ಒಂದೆರಡು ಹನಿ ರಕ್ತ ತುಂಬಿದ ಡಿಸ್ಕ್ ಅನ್ನು ತಿರುಗಿಸಿ ರಕ್ತ ಪರೀಕ್ಷೆ ಮಾಡುವ ಡಿಸ್ಕ್ ಅನಲೈಸರ್ ಮೇಲೆ, ದೂರು ಹೇಳುತ್ತಾರೆ. ನಾನು ಬೆರಳಿನ ಬಗ್ಗೆ ಕೇಳುತ್ತೇನೆ. ಹೇಗೆ ಚುಚ್ಚಿದಿರಿ, ಎಷ್ಟು ಹಿಂಡಿದಿರಿ, ಹನಿ ನಳಿಕೆಯಲ್ಲಿ ಎಷ್ಟು ಹೊತ್ತು ಕಾದಿತ್ತು? ಉತ್ತರ ಹೇಳುತ್ತಾ ಹೇಳುತ್ತಾ ಎಡವಿದ್ದು ಎಲ್ಲಿ ಎಂಬುದು ಅವರಿಗೇ ಹೊಳೆದುಬಿಡುತ್ತದೆ.

3 ಮಿಲಿಲೀಟರ್ ರಕ್ತ ಇರುವ ಟ್ಯೂಬಿನಲ್ಲಿ 10 ಮೈಕ್ರೋಲೀಟರ್ (ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು 1 ಮೈಕ್ರೋಲೀಟರ್) ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. 100 ಮೈಕ್ರೋಲೀಟರ್ ಮಾತ್ರ ಇರುವಾಗ ಅದೇ ತಪ್ಪು ಹತ್ತರಲ್ಲಿ ಒಂದು ಪಾಲು. ಒಂದು ಗುಳ್ಳೆ, ಆರದ ಸ್ಪಿರಿಟ್, ತಲೆಯ ಮೇಲೆ ತಿರುಗುವ ಫ್ಯಾನು, ಯಾವುದಾದರೂ ಸಾಕು. ಹಾಗೆ ನೋಡಿದರೆ ರದ್ದಾದ ಡಿಸ್ಕ್ ಬಗ್ಗೆ ನನಗೆ ಹೆದರಿಕೆಯಿಲ್ಲ, ಅಲ್ಲಿ ಹೋಗುವುದು ದುಡ್ಡು ಮಾತ್ರ. ರದ್ದಾಗದೆ, ತಪ್ಪು ಅಂಕಿಯನ್ನು ಅಚ್ಚುಕಟ್ಟಾಗಿ ಮುದ್ರಿಸಿಕೊಡುವ ಡಿಸ್ಕ್ ಬಗ್ಗೆ ಹೆದರಿಕೆ. ಹಾಗಾಗಿ ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ಬೆರಳು ಚುಚ್ಚುವ ಮೊದಲು ನಿಧಾನವಾಗಿರಿ, ಚುಚ್ಚಿದ ಮೇಲೆ ಚುರುಕಾಗಿರಿ. ಹೆಚ್ಚಿನ ಲ್ಯಾಬುಗಳಲ್ಲಿ ನಡೆಯುವುದು ಇದರ ತಿರುಗುಮುರುಗು.

ಡಿಸ್ಕ್‌ನ ಒಳಗೆ ನಡೆಯುವುದು ಏನು?

ಹಳ್ಳಿಯ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡಲು ಗಾಜಿನ ಬ್ಯುಟಿರೋಮೀಟರುಗಳನ್ನು ತಿರುಗಿಸುವುದನ್ನು ಕಂಡವರಿಗೆ ತತ್ವ ಗೊತ್ತೇ ಇದೆ. ಜೋರಾಗಿ ತಿರುಗಿಸಿದರೆ ಭಾರವಾದದ್ದು ಹೊರ ಅಂಚಿಗೆ ಹೋಗುತ್ತದೆ, ಹಗುರವಾದದ್ದು ಮಧ್ಯದ ಕಡೆಗೆ ಉಳಿಯುತ್ತದೆ. ಡಿಸ್ಕ್ ಅನಲೈಸರ್ ಕೂಡ ಹಾಗೆಯೇ ರಕ್ತಕಣಗಳನ್ನು ಹೊರಕ್ಕೆ ತಳ್ಳಿ ಪ್ಲಾಸ್ಮಾವನ್ನು, ಅಂದರೆ ರಕ್ತದ ತಿಳಿ ದ್ರವವನ್ನು, ಬೇರ್ಪಡಿಸುತ್ತದೆ. ಡಿಸ್ಕ್‌ನಲ್ಲೇ ಇರುವ ದ್ರಾವಣದೊಂದಿಗೆ ಅದನ್ನು ಅಳತೆಯಾಗಿ ಬೆರೆಸುತ್ತದೆ. ಬೆರೆತ ದ್ರವ ಅಂಚಿನ ಪುಟ್ಟ ಪಾರದರ್ಶಕ ಕೋಣೆಗಳಾದ ಕ್ಯೂವೆಟ್‌ಗಳಿಗೆ ಹರಿದು, ಅಲ್ಲಿ ಕಾದಿರುವ ಪರೀಕ್ಷೆಯ ರಾಸಾಯನಿಕದ (ರೀಏಜೆಂಟ್) ಒಣ ಮಣಿಗಳನ್ನು ಕರಗಿಸುತ್ತದೆ. 37 ಡಿಗ್ರಿಯಲ್ಲಿ ಪ್ರತಿಕ್ರಿಯೆ ನಡೆಯುತ್ತಿರುವಾಗ ಬೆಳಕು ಹಾಯಿಸಿ ಬಣ್ಣ ಅಳೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ದ್ರವವನ್ನು ದಾಟಿಸುವುದು ಪಂಪ್ ಅಲ್ಲ, ಕೂದಲೆಳೆಯಂಥ ಸೈಫನ್ ಕಾಲುವೆ. ಡಿಸ್ಕ್ ನಿಂತಾಗ ದ್ರವ ತಾನಾಗಿ ಆ ಕಾಲುವೆಗೆ ಏರುತ್ತದೆ, ಮತ್ತೆ ತಿರುಗಿದಾಗ ಮುಂದಿನ ಕೋಣೆಗೆ ಇಳಿಯುತ್ತದೆ. ಕಾಲುವೆಯಲ್ಲಿ ಗುಳ್ಳೆ ಸಿಕ್ಕಿದರೆ ಹರಿವು ತುಂಡಾಗುತ್ತದೆ. ರಕ್ತ ಹೆಪ್ಪುಗಟ್ಟುವಾಗ ಹುಟ್ಟುವ ಫೈಬ್ರಿನ್ ಎಳೆ ಸಿಕ್ಕಿದರೆ ಬಾಯಿ ಮುಚ್ಚುತ್ತದೆ. ಕೆಳಗೆ ನಾನು ಹಾಕುವ ನಿಷೇಧಗಳಲ್ಲಿ ಅರ್ಧಕ್ಕರ್ಧ ಈ ಎರಡು ಸಂಗತಿಗಳಿಂದ ಹುಟ್ಟಿದವು.

ಮೇಜಿನ ಮೇಲೆ ಇರಬೇಕಾದವು

ಲಿಥಿಯಂ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥ) ಇರುವ ಮೈಕ್ರೋ ಟ್ಯೂಬು ಅಥವಾ ಕ್ಯಾಪಿಲರಿ ನಳಿಕೆ; ಬೆರಳು ಚುಚ್ಚಲು ಒಂದೇ ಬಾರಿ ಬಳಸುವ ಲ್ಯಾನ್ಸೆಟ್; ಸ್ಪಿರಿಟ್ ಹತ್ತಿ ಮತ್ತು ಒಣ ಗಾಜ್ ಬಟ್ಟೆ; 10ರಿಂದ 100 ಮೈಕ್ರೋಲೀಟರ್ ಅಳೆಯುವ ಪೈಪೆಟ್, ಅದಕ್ಕೆ ಸರಿಯಾಗಿ ಕೂರುವ ಟಿಪ್; ನೂಲು ಬಿಡದ ಒರೆಸುವ ಕಾಗದ; ಗೋಡೆ ಗಡಿಯಾರ; ಕೋಣೆಯ ಥರ್ಮಾಮೀಟರ್; ಸೂಜಿ ಹಾಕುವ ಬಿಳಿ ಡಬ್ಬಿ. ಗಡಿಯಾರ ಮತ್ತು ಥರ್ಮಾಮೀಟರ್ ಬಿಟ್ಟು ಉಳಿದದ್ದೆಲ್ಲ ಎಲ್ಲ ಲ್ಯಾಬುಗಳಲ್ಲೂ ಇರುತ್ತದೆ. ಆ ಎರಡನ್ನು ಮೊದಲು ಕೊಳ್ಳಿ.

ಟಿಪ್ ವಿಷಯದಲ್ಲಿ ಉಳಿತಾಯ ಬೇಡ. ಅಗ್ಗದ ಟಿಪ್ ಪೈಪೆಟ್ಟಿನ ಮೂತಿಗೆ ಬಿಗಿಯಾಗಿ ಕೂರದಿದ್ದರೆ ಗಾಳಿ ನುಸುಳಿ, ಎಳೆದ ದ್ರವ ತುದಿಯಿಂದ ಹನಿಯಾಗಿ ತೂಗಾಡುತ್ತದೆ. ದ್ರವ ಎಳೆದು ಪೈಪೆಟ್ ಅನ್ನು ನೇರವಾಗಿ ಹಿಡಿದು ಹತ್ತು ಎಣಿಸಿ. ತುದಿಯಲ್ಲಿ ಹನಿ ಕಂಡರೆ ಆ ಟಿಪ್ ಬೇಡ.

ಹಂತ 1: ರೋಗಿಯನ್ನು ಕರೆಯುವ ಮೊದಲು ಯಂತ್ರವನ್ನು ಸಿದ್ಧಪಡಿಸಿ

ಯಂತ್ರವನ್ನು ಆನ್ ಮಾಡಿ, ಬಿಸಿಯಾಗುವವರೆಗೆ ಕಾಯಿರಿ. ಈ ಬಗೆಯ ಹಲವು ಯಂತ್ರಗಳಿಗೆ ಕೋಣೆಯ ಉಷ್ಣತೆಯ ಮೇಲ್ಮಿತಿ ಸುಮಾರು 32 ಡಿಗ್ರಿ. ಏಪ್ರಿಲ್ ತಿಂಗಳ ಮಂಡ್ಯದಲ್ಲಿ, ತಗಡಿನ ಚಾವಣಿಯ ಕೋಣೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೇ ಅದು ದಾಟಿರುತ್ತದೆ. "ಮಧ್ಯಾಹ್ನ ಮಾತ್ರ ಕೈಕೊಡುತ್ತದೆ" ಎಂದು ಯಾರಾದರೂ ಹೇಳಿದರೆ ನಾನು ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳುತ್ತೇನೆ. ಬಿಸಿಲು ನೇರವಾಗಿ ಯಂತ್ರದ ಮೇಲೆ ಬೀಳಬಾರದು. ಫ್ಯಾನಿನ ಗಾಳಿಯೂ ನೇರವಾಗಿ ಬಡಿಯಬಾರದು.

ಟ್ಯೂಬು ತಿರುಗಿಸುವ ಸೆಂಟ್ರಿಫ್ಯೂಜ್ ಮತ್ತು ಅನಲೈಸರ್ ಒಂದೇ ಮೇಜಿನ ಮೇಲಿದ್ದರೆ ಇವತ್ತೇ ಬೇರೆ ಮಾಡಿ. ಒಂದರ ಅದುರು ಇನ್ನೊಂದರ ಓದಿಗೆ ತೊಡಕು. ಯುಪಿಎಸ್ ಇಲ್ಲದೆ ಡಿಸ್ಕ್ ಓಡಿಸಬೇಡಿ. ನಡುವೆ ಕರೆಂಟ್ ಹೋಗಿ ಬಂದರೆ ಆ ಡಿಸ್ಕ್ ಮುಗಿದ ಕಥೆ, ಒಳಗಿನ ಮಣಿಗಳು ಆಗಲೇ ಕರಗಿರುತ್ತವೆ.

ಡಿಸ್ಕ್‌ಗಳ ಜಾಗ 2ರಿಂದ 8 ಡಿಗ್ರಿಯ ಫ್ರಿಜ್ಜು. ಫ್ರೀಜರ್ ಅಲ್ಲ, ಫ್ರಿಜ್ಜಿನ ಬಾಗಿಲೂ ಅಲ್ಲ. ಹೊರತೆಗೆದ ಪೊಟ್ಟಣವನ್ನು ತಕ್ಷಣ ಕತ್ತರಿಸುವ ಅಭ್ಯಾಸ ಹಲವರಿಗಿದೆ. ತಣ್ಣಗಿನ ಡಿಸ್ಕ್ ಮೇಲೆ ಕೋಣೆಯ ತೇವ ಮಂಜಾಗಿ ಕೂರುತ್ತದೆ. ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸಿದಂತೆ ಕಂಡರೂ ಒಣ ಮಣಿಗಳಿಗೆ ಅದು ವಿಷವೇ. ಫ್ರಿಜ್ಜಿನಿಂದ ತೆಗೆದು ನೇರವಾಗಿ ಬಳಸಬಹುದೇ, ಕೋಣೆಯ ಉಷ್ಣತೆಗೆ ಬರಬೇಕೇ ಎಂಬುದು ಆಯಾ ಡಿಸ್ಕ್‌ನ ಕರಪತ್ರದಲ್ಲಿದೆ. ಬರಬೇಕು ಎಂದಿದ್ದರೆ ಪೊಟ್ಟಣ ಮುಚ್ಚಿದಂತೆಯೇ ಬರಲಿ. ತೆರೆದ ಮೇಲೆ ಇಷ್ಟು ಹೊತ್ತಿನಲ್ಲಿ ಬಳಸಬೇಕು ಎಂಬ ಗಡುವೂ ಇರುತ್ತದೆ. ಕೆಲವು ಡಿಸ್ಕ್‌ಗಳಿಗೆ ಅದು ಬರೀ 20 ನಿಮಿಷ. ಆದ್ದರಿಂದ ಪೊಟ್ಟಣ ಕತ್ತರಿಸುವುದು ಮಾದರಿ ಕೈಗೆ ಬಂದ ಮೇಲೆಯೇ.

ಕಂಟ್ರೋಲ್ (ಅಂಕಿ ಮೊದಲೇ ಗೊತ್ತಿರುವ ಪರೀಕ್ಷಾ ದ್ರವ) ಓಡಿಸದ ದಿನ ರೋಗಿಯ ಡಿಸ್ಕ್ ಓಡಿಸಬೇಡಿ ಎಂದು ಹೇಳಿದರೆ ಡಿಸ್ಕ್‌ನ ಬೆಲೆ ನೆನೆಸಿಕೊಂಡು ಮುಖ ಸಿಂಡರಿಸುವವರಿದ್ದಾರೆ. ತಯಾರಕರು ಹೇಳಿದ ಅಂತರದಲ್ಲಾದರೂ ಓಡಿಸಿ. ಡಿಸ್ಕ್‌ಗಳ ಹೊಸ ಲಾಟ್ (ತಯಾರಿಕೆಯ ಕಂತು) ಬಂದಾಗ ಮತ್ತು ಫ್ರಿಜ್ಜು ಕೆಟ್ಟು ಸರಿಯಾದಾಗ ಮಾತ್ರ ಯಾವ ನೆಪವೂ ಇಲ್ಲ, ಓಡಿಸಲೇಬೇಕು.

ಹಂತ 2: ರಕ್ತನಾಳವೋ, ಬೆರಳೋ, ಹಿಮ್ಮಡಿಯೋ?

ರಕ್ತನಾಳದಿಂದ ಸುಲಭವಾಗಿ ಸಿಗುವಂತಿದ್ದರೆ ಅದನ್ನೇ ತೆಗೆಯಿರಿ. ಸಣ್ಣ ಮಾದರಿ ಸಾಕು ಎಂಬುದು ಬೆರಳನ್ನೇ ಚುಚ್ಚಬೇಕು ಎಂಬುದಕ್ಕೆ ಆಜ್ಞೆಯಲ್ಲ. ಬೆರಳಿನ ಹನಿಯಲ್ಲಿ ಅಂಗಾಂಶದ ದ್ರವ ಬೆರೆಯುತ್ತದೆ, ರಕ್ತಕಣ ಒಡೆಯುವ ಸಂಭವವೂ ಹೆಚ್ಚು. ಪೊಟ್ಯಾಸಿಯಂ ಕೇಳಿದ್ದರೆ ನಾನಂತೂ ರಕ್ತನಾಳವನ್ನೇ ಹುಡುಕುತ್ತೇನೆ.

ಆರು ತಿಂಗಳೊಳಗಿನ ಕೂಸಿನ ಬೆರಳನ್ನು ಚುಚ್ಚಬಾರದು, ಮೂಳೆ ತೀರಾ ಹತ್ತಿರವಿರುತ್ತದೆ. ಹಿಮ್ಮಡಿಯ ಎರಡು ಪಕ್ಕಗಳೇ ಜಾಗ, ನಡುಭಾಗವಲ್ಲ. ಚುಚ್ಚುವ ಆಳ 2 ಮಿಲಿಮೀಟರ್ ದಾಟಬಾರದು. ದೊಡ್ಡವರಲ್ಲಿ ನಡುಬೆರಳು ಅಥವಾ ಉಂಗುರ ಬೆರಳು. ಊತ, ನೀಲಿಗಟ್ಟಿದ್ದು, ಡ್ರಿಪ್ ಹಾಕಿದ ಕೈ, ಇವೆಲ್ಲ ಬೇಡ.

ಹಂತ 3: ಕೈ ತೊಳೆಸಿ, ಬೆಚ್ಚಗೆ ಮಾಡಿ

ನಮ್ಮ ಜಿಲ್ಲೆಯಲ್ಲಿ ಈ ಹಂತಕ್ಕೆ ಬೇರೆಡೆಗಿಂತ ಹೆಚ್ಚು ತೂಕವಿದೆ. ಒಮ್ಮೆ ಆಲೆಮನೆಯಿಂದ ನೇರವಾಗಿ ಬಂದ ಹಿರಿಯರೊಬ್ಬರ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಚುಚ್ಚಿದೆ. ಸಕ್ಕರೆ 300 ದಾಟಿತ್ತು. ಅವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. "ಬೆಳಿಗ್ಗೆಯಿಂದ ಅಚ್ಚಿಗೆ ಬೆಲ್ಲ ಹುಯ್ಯುತ್ತಿದ್ದೆ ತಾಯಿ" ಎಂದರು. ಸೋಪು ಹಾಕಿ ಕೈ ತೊಳೆಸಿ ಇನ್ನೊಂದು ಕೈಯಿಂದ ತೆಗೆದಾಗ ಅಂಕಿ ನೂರರ ಆಸುಪಾಸಿಗೆ ಇಳಿಯಿತು. ಚರ್ಮಕ್ಕೆ ಅಂಟಿದ ಬೆಲ್ಲ, ಕಬ್ಬಿನ ಹಾಲು, ಹಣ್ಣಿನ ರಸ, ಇವು ಸ್ಪಿರಿಟ್ಟಿನ ಒಂದು ಒರಸಿಗೆ ಪೂರ್ತಿ ಹೋಗುವುದಿಲ್ಲ. ಸೋಪು, ನೀರು, ಒಣ ಬಟ್ಟೆ. ಆಮೇಲೆ ಸ್ಪಿರಿಟ್.

ಕಬ್ಬು ಕಡಿಯುವವರ, ನಾಟಿ ಮಾಡುವವರ ಬೆರಳ ತುದಿ ಕಾಯಿಕಟ್ಟಿರುತ್ತದೆ. ಅಲ್ಲಿ ಚುಚ್ಚಿದರೆ ಲ್ಯಾನ್ಸೆಟ್ ಒಳಗೆ ಇಳಿಯುವುದಿಲ್ಲ, ಹನಿ ಬರುವುದಿಲ್ಲ, ಹಿಂಡುವ ಆಸೆಯಾಗುತ್ತದೆ, ಅಲ್ಲಿಗೆ ಮಾದರಿ ಕೆಟ್ಟಂತೆ. ಬಲಗೈ ಬಳಸುವವರಾದರೆ ಎಡಗೈಯ ಉಂಗುರ ಬೆರಳಿನ ಪಕ್ಕದಲ್ಲಿ ಮೆತ್ತಗಿನ ಜಾಗ ಸಾಮಾನ್ಯವಾಗಿ ಸಿಗುತ್ತದೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮೂರರಿಂದ ಐದು ನಿಮಿಷ ಸುತ್ತಿ. ಬಿಸಿ ನಿಮ್ಮ ಮುಂಗೈಗೆ ಹಿತವಾಗಿರಬೇಕು, 42 ಡಿಗ್ರಿ ಮೀರಬಾರದು. ಕೈಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಇಳಿಬಿಡಿಸಿ. ಡಿಸೆಂಬರ್ ಬೆಳಗಿನ ಮೈಸೂರಿನಲ್ಲಿ ಮೃದುವಾದ ಬೆರಳಿಗೂ ಇದು ಬೇಕಾಗುತ್ತದೆ. ಈ ಐದು ನಿಮಿಷ ದಂಡವೆಂದು ಕಂಡರೆ, ರದ್ದಾದ ಡಿಸ್ಕ್ ಮತ್ತೆ ಓಡಲು ಬೇಕಾಗುವ ಸಮಯವನ್ನು ಲೆಕ್ಕ ಹಾಕಿ.

ಹಂತ 4: ಚುಚ್ಚಿ, ಹನಿ ಹಿಡಿಯಿರಿ

ಸ್ಪಿರಿಟ್ ತಾನಾಗಿ ಆರಬೇಕು. ಊದಬೇಡಿ. ಹಸಿ ಸ್ಪಿರಿಟ್ ರಕ್ತಕಣಗಳನ್ನು ಒಡೆಯುತ್ತದೆ, ಹನಿ ದುಂಡಾಗಿ ನಿಲ್ಲದೆ ಚರ್ಮದ ಮೇಲೆ ಹರಡಿಕೊಳ್ಳುತ್ತದೆ. ಬೆರಳಿನ ಗೆರೆಗಳಿಗೆ ಅಡ್ಡಲಾಗಿ, ತುದಿಯ ನಟ್ಟನಡುವೆಯಲ್ಲದೆ ತುಸು ಪಕ್ಕಕ್ಕೆ, ಒಂದೇ ಬಾರಿಗೆ ದೃಢವಾಗಿ ಚುಚ್ಚಿ. ಗೆರೆಗಳಿಗೆ ಅಡ್ಡವಾದರೆ ರಕ್ತ ಗೆರೆಯ ಸಾಲಿನಲ್ಲಿ ಓಡುವುದಿಲ್ಲ, ದುಂಡು ಹನಿಯಾಗಿ ನಿಲ್ಲುತ್ತದೆ.

ಮೊದಲ ಹನಿಯನ್ನು ಒಣ ಗಾಜ್‌ನಿಂದ ಒರೆಸಿಬಿಡಿ. ಅದರಲ್ಲಿ ಅಂಗಾಂಶದ ದ್ರವ ಹೆಚ್ಚು. ಎರಡನೆಯ ಹನಿಯಿಂದ ಸಂಗ್ರಹ ಶುರು. ಹನಿ ನಿಂತರೆ ಅಂಗೈಯಿಂದ ಬೆರಳ ಬುಡದ ಕಡೆಗೆ ಮೆಲ್ಲನೆ ಒತ್ತಿ, ಬಿಟ್ಟು, ಮತ್ತೆ ಒತ್ತಿ. ತುದಿಯನ್ನು ನಿಂಬೆಹಣ್ಣಿನಂತೆ ಹಿಂಡುವುದೇ ನಾನು ಕಂಡ ಅತಿ ಸಾಮಾನ್ಯ ತಪ್ಪು. ಹಿಂಡಿದರೆ ಕಣ ಒಡೆದು ಪೊಟ್ಯಾಸಿಯಂ ಮತ್ತು ಕಣದೊಳಗಿನ ಕಿಣ್ವಗಳಾದ ಎಎಸ್‌ಟಿ, ಎಲ್‌ಡಿಎಚ್ ಏರುತ್ತವೆ. ಅಂಗಾಂಶದ ದ್ರವ ಬೆರೆತು ಉಳಿದವು ತೆಳುವಾಗುತ್ತವೆ. ಒಂದೇ ಮಾದರಿಯಲ್ಲಿ ಒಂದು ಅಂಕಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋದಾಗ ವೈದ್ಯರು ತಲೆ ಕೆರೆದುಕೊಳ್ಳದೆ ಇನ್ನೇನು ಮಾಡಿಯಾರು?

ನಳಿಕೆಯ ತುದಿಯನ್ನು ಹನಿಗೆ ಮುಟ್ಟಿಸಿ, ಚರ್ಮಕ್ಕಲ್ಲ. ನಳಿಕೆಯನ್ನು ತುಸು ಓರೆಯಾಗಿ ಇಳಿಜಾರಿಗೆ ಹಿಡಿದರೆ ರಕ್ತ ತಾನೇ ಒಳಗೆ ಹರಿಯುತ್ತದೆ. ಟ್ಯೂಬಿನ ಅಂಚಿನಿಂದ ಚರ್ಮವನ್ನು ಕೆರೆದು ರಕ್ತ ತುಂಬಿಕೊಳ್ಳಬೇಡಿ. ನಡುವೆ ನಳಿಕೆಯನ್ನು ಹನಿಯಿಂದ ಎತ್ತಿ ಮತ್ತೆ ಮುಟ್ಟಿಸಿದರೆ ಒಳಗೆ ಗಾಳಿಯ ತುಣುಕು ಸೇರುತ್ತದೆ, ಅದೇ ಮುಂದೆ ಡಿಸ್ಕ್‌ನೊಳಗೆ ಗುಳ್ಳೆಯಾಗುತ್ತದೆ.

ಒಂದೇ ಚುಚ್ಚಿನಿಂದ ಹಲವು ಟ್ಯೂಬು ತುಂಬಬೇಕಾದರೆ ಕ್ರಮ ಹೀಗೆ: ಮೊದಲು ಇಡಿಟಿಎ (ಹೆಪ್ಪು ತಡೆಯುವ ಇನ್ನೊಂದು ಪದಾರ್ಥ, ರಕ್ತಕಣ ಎಣಿಕೆಗೆ), ನಂತರ ಹೆಪಾರಿನ್ ಮುಂತಾದವು, ಕೊನೆಗೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಟ್ಯೂಬು. ಬೆರಳಿನ ರಕ್ತ ಬೇಗ ಹೆಪ್ಪುಗಟ್ಟುವುದರಿಂದ ರಕ್ತಕಣ ಎಣಿಕೆಯ ಟ್ಯೂಬಿಗೆ ಮೊದಲ ಪಾಲು. ರಕ್ತನಾಳದಿಂದ ತೆಗೆಯುವಾಗ ಸೀರಮ್, ಹೆಪಾರಿನ್, ಇಡಿಟಿಎ ಎಂಬ ಬೇರೆಯೇ ಕ್ರಮ ಕಲಿತಿರುತ್ತೀರಿ. ಎರಡನ್ನೂ ಕಲಸಿಕೊಳ್ಳಬೇಡಿ. ಯಾವ ಕ್ರಮದಲ್ಲಾಗಲಿ, ಒಂದು ಟ್ಯೂಬಿನ ರಕ್ತವನ್ನು ಇನ್ನೊಂದಕ್ಕೆ ಸುರಿಯುವುದು ಅಪರಾಧ. ಇಡಿಟಿಎ ಒಂದಿಷ್ಟು ಬೆರೆತರೂ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಕುಸಿಯುತ್ತದೆ.

ಹಂತ 5: ಬೆರೆಸಿ, ಗಡಿಯಾರ ನೋಡಿ

ಟ್ಯೂಬಿನ ಮುಚ್ಚಳ ಹಾಕಿ ಎಂಟು ಹತ್ತು ಬಾರಿ ಮೆಲ್ಲನೆ ತಲೆಕೆಳಗು ಮಾಡಿ. ಮಜ್ಜಿಗೆ ಕಡೆದಂತೆ ಅಲ್ಲಾಡಿಸಬಾರದು. ಹೆಪಾರಿನ್ ಟ್ಯೂಬಿನ ಗೋಡೆಗೆ ಅಂಟಿರುತ್ತದೆ. ಬೆರೆಸದೆ ಇಟ್ಟರೆ ತಳದಲ್ಲಿ ಕಣ್ಣಿಗೆ ಕಾಣದ ಎಳೆಗಳು ಹುಟ್ಟುತ್ತವೆ, ಸೈಫನ್ ಕಾಲುವೆಯ ಶತ್ರು ಅವೇ.

ಲಿಥಿಯಂ ಹೆಪಾರಿನ್ ಬದಲು ಕೈಗೆ ಸಿಕ್ಕಿದ ಟ್ಯೂಬು ಬಳಸುವಂತಿಲ್ಲ. ಸೋಡಿಯಂ ಹೆಪಾರಿನ್ ಆದರೆ ಸೋಡಿಯಂ ಅಂಕಿಯನ್ನು ನಂಬುವಂತಿಲ್ಲ. ಸಕ್ಕರೆಗೆಂದು ಇಟ್ಟಿರುವ ಫ್ಲೋರೈಡ್ ಟ್ಯೂಬು ಕಿಣ್ವಗಳನ್ನು ತಡೆಯುತ್ತದೆ, ಯೂರಿಯೇಸ್ ಎಂಬ ಕಿಣ್ವದಿಂದ ಅಳೆಯುವ ಯೂರಿಯಾ ಸುಳ್ಳಾಗಿ ಕಡಿಮೆ ಬರುತ್ತದೆ.

ಚುಚ್ಚಿದ ಸಮಯವನ್ನು ಟ್ಯೂಬಿನ ಮೇಲೆ ಬರೆಯಿರಿ. ಡಿಸ್ಕ್‌ಗೆ ನೇರವಾಗಿ ರಕ್ತ ಹಾಕುವುದಾದರೆ ಒಂದು ಗಂಟೆಯೊಳಗೆ ಓಡಬೇಕು. ಬೇರ್ಪಡಿಸದ ರಕ್ತದಲ್ಲಿ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು ಇಳಿಯುತ್ತದೆ. ಹಾಗೆಂದು ರಕ್ತವನ್ನು ಫ್ರಿಜ್ಜಿಗೆ ಇಡಬೇಡಿ. ಚಳಿಗೆ ಕಣಗಳ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹಳ್ಳಿಯ ಶಿಬಿರದಲ್ಲಿ ತೆಗೆದ ಮಾದರಿಯನ್ನು ಐಸ್ ಡಬ್ಬಿಯಲ್ಲಿಟ್ಟು ನಾಗಮಂಗಲದಿಂದ ಬಸ್ಸಿನಲ್ಲಿ ಕಳಿಸಿ, ಪೊಟ್ಯಾಸಿಯಂ ಏಕೆ ಏರಿತು ಎಂದು ಕೇಳುವವರಿಗೆ ಉತ್ತರ ಇದೇ. ದೂರದಿಂದ ಬರುವ ಮಾದರಿಯನ್ನು ಅಲ್ಲೇ ತಿರುಗಿಸಿ, ಪ್ಲಾಸ್ಮಾವನ್ನು ಬೇರೆ ಮಾಡಿ ಕಳಿಸಬೇಕು.

ಹಂತ 6: ಮೊದಲೇ ಬೇರ್ಪಡಿಸಬೇಕಾದರೆ

ಡಿಸ್ಕ್ ತಾನೇ ಬೇರ್ಪಡಿಸುವಂತಿದ್ದರೆ ಈ ಹಂತ ಬಿಡಿ. ಇಲ್ಲವಾದರೆ ಮೊದಲ ಪ್ರಶ್ನೆ, ಎಷ್ಟು ವೇಗ? "ಮೂರು ಸಾವಿರದಲ್ಲಿ ಹತ್ತು ನಿಮಿಷ" ಎಂಬ ಬಾಯಿಪಾಠ ಅರ್ಧ ಸತ್ಯ. ಕೆಲಸ ಮಾಡುವುದು ನಿಮಿಷಕ್ಕೆ ತಿರುಗುವ ಸುತ್ತಿನ ಸಂಖ್ಯೆಯಲ್ಲ, ಟ್ಯೂಬಿನ ಮೇಲೆ ಬೀಳುವ ಬಲ. ರೋಟರಿನ ನಡುವಿನಿಂದ, ತಿರುಗುವಾಗ ಟ್ಯೂಬಿನ ತಳ ತಲುಪುವ ಜಾಗದವರೆಗೆ ಸ್ಕೇಲಿನಿಂದ ಅಳೆಯಿರಿ. ಆ ಸೆಂಟಿಮೀಟರನ್ನು ಸುತ್ತಿನ ಸಂಖ್ಯೆಯ ವರ್ಗದಿಂದ ಗುಣಿಸಿ, ಬಂದದ್ದನ್ನು 0.00001118ರಿಂದ ಗುಣಿಸಿ. ಅಳತೆ 10 ಸೆಂಟಿಮೀಟರ್ ಇದ್ದರೆ 3000 ಸುತ್ತಿಗೆ ಸುಮಾರು 1000 ಜಿ ಬಲ, ಅಂದರೆ ಭೂಮಿಯ ಸೆಳೆತದ 1000 ಪಟ್ಟು. 8 ಸೆಂಟಿಮೀಟರಿನ ಪುಟ್ಟ ಯಂತ್ರದಲ್ಲಿ ಅದೇ 3000 ಸುತ್ತು 800 ಜಿ ಮಾತ್ರ ಕೊಡುತ್ತದೆ. ಅಲ್ಲಿ 1000 ಜಿ ಬೇಕಾದರೆ ಸುಮಾರು 3350 ಸುತ್ತು ಬೇಕು. ಹೆಚ್ಚಿನ ಟ್ಯೂಬುಗಳಿಗೆ 1000ರಿಂದ 1300 ಜಿ, ಹತ್ತು ನಿಮಿಷ ಸಾಕು. ಲೆಕ್ಕವನ್ನು ಒಮ್ಮೆ ಮಾಡಿ ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸಿ.

ಎದುರಿನ ಟ್ಯೂಬು ತೂಕದಲ್ಲಿ ಸಮವಿರಬೇಕು, ದ್ರವದ ಎತ್ತರದಲ್ಲಲ್ಲ. ಯಂತ್ರ ಗಡಗಡ ಎಂದರೆ ನಿಲ್ಲಿಸಿ. ಕೈಯಿಂದ ರೋಟರ್ ಹಿಡಿದು ನಿಲ್ಲಿಸುವುದು ಬೇಡ, ಬ್ರೇಕ್ ಒತ್ತಿ ಥಟ್ಟನೆ ನಿಲ್ಲಿಸುವುದೂ ಬೇಡ. ಸಣ್ಣ ಟ್ಯೂಬಿನಲ್ಲಿ ಬೇರ್ಪಟ್ಟದ್ದು ಕಲಕಿಬಿಡುತ್ತದೆ.

ಸೀರಮ್ ಆದರೆ ತಿರುಗಿಸುವ ಮುಂಚೆ 30 ನಿಮಿಷ ನಿಲ್ಲಿಸಿ ಪೂರ್ತಿ ಹೆಪ್ಪುಗಟ್ಟಲು ಬಿಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೊತ್ತು ಬೇಕು. ಅರ್ಧ ಹೆಪ್ಪಿನಲ್ಲಿ ತಿರುಗಿಸಿದರೆ ಮೇಲಿನ ಸೀರಮ್ಮಿನಲ್ಲಿ ಲೋಳೆಯಂಥ ಫೈಬ್ರಿನ್ ತೇಲುತ್ತದೆ. ಜೆಲ್ ಇರುವ ಟ್ಯೂಬನ್ನು ಎರಡನೆಯ ಬಾರಿ ತಿರುಗಿಸಬೇಡಿ. ಜೆಲ್ ಕೆಳಗೆ ಉಳಿದ ಕಣಗಳ ಬಳಿಯಿದ್ದ ದ್ರವ ಮೇಲೆ ಬಂದು ಪೊಟ್ಯಾಸಿಯಂ ಏರುತ್ತದೆ.

ಹಂತ 7: ಪೈಪೆಟ್ ಹಿಡಿಯುವ ಕೈ

ಈ ಹಂತದಲ್ಲಿ ತುಸು ಹೆಚ್ಚು ನಿಲ್ಲುತ್ತೇನೆ, ಏಕೆಂದರೆ "ಪೈಪೆಟ್ ಬರುತ್ತದೆ" ಎನ್ನುವವರಲ್ಲೇ ತಪ್ಪು ಜಾಸ್ತಿ.

ಮೊದಲು ನಿಮ್ಮ ಕೈಯನ್ನೇ ಪರೀಕ್ಷಿಸಿಕೊಳ್ಳಿ. 1 ಮೈಕ್ರೋಲೀಟರ್ ನೀರಿನ ತೂಕ ಹೆಚ್ಚುಕಡಿಮೆ 1 ಮಿಲಿಗ್ರಾಂ. ಲ್ಯಾಬಿನಲ್ಲಿ ಸೂಕ್ಷ್ಮ ತಕ್ಕಡಿ ಇಲ್ಲದಿದ್ದರೆ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋಗಿ. ಚಿನ್ನ ತೂಗುವ ತಕ್ಕಡಿಯ ಮೇಲೆ ಪುಟ್ಟ ಬಟ್ಟಲಿಟ್ಟು ಸೊನ್ನೆ ಮಾಡಿ, ಶುದ್ಧೀಕರಿಸಿದ ನೀರನ್ನು 100 ಮೈಕ್ರೋಲೀಟರಿನಂತೆ ಹತ್ತು ಬಾರಿ ಹಾಕಿ. 1 ಗ್ರಾಂ ಆಸುಪಾಸು ಬರಬೇಕು. 0.96 ಬಂದರೆ ಪೈಪೆಟ್ ಕೆಟ್ಟಿದೆ ಅಥವಾ ಕೈ ಕೆಟ್ಟಿದೆ. ಇನ್ನೊಬ್ಬರ ಕೈಯಲ್ಲಿ ಅದೇ ಪೈಪೆಟ್ ಕೊಟ್ಟರೆ ಯಾವುದೆಂದು ಗೊತ್ತಾಗುತ್ತದೆ. ನನ್ನ ಕೈಯೇ ಕೆಟ್ಟಿದ್ದ ದಿನ ಅಂಗಡಿಯವರು ನಕ್ಕಿದ್ದು ಇನ್ನೂ ನೆನಪಿದೆ. ಇದು ಅಧಿಕೃತ ಕ್ಯಾಲಿಬ್ರೇಷನ್ ಅಲ್ಲ, ಅದನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಲೇಬೇಕು.

ಇನ್ನು ಎಳೆಯುವ ರೀತಿ. ಪೈಪೆಟ್ ನೇರವಾಗಿರಲಿ. ತುದಿ ದ್ರವದಲ್ಲಿ ಎರಡು ಮೂರು ಮಿಲಿಮೀಟರ್ ಮುಳುಗಿದರೆ ಸಾಕು. ಆಳಕ್ಕೆ ಹೋದರೆ ಟಿಪ್‌ನ ಹೊರಮೈಗೂ ದ್ರವ ಅಂಟಿ ಬರುತ್ತದೆ, ಮೇಲೆಯೇ ಇದ್ದರೆ ಗಾಳಿ ಬರುತ್ತದೆ. ಹೊಸ ಟಿಪ್ ಅನ್ನು ಅದೇ ದ್ರವದಿಂದ ಒಂದೆರಡು ಬಾರಿ ಎಳೆದು ಬಿಟ್ಟು ಒದ್ದೆ ಮಾಡಿಕೊಳ್ಳಿ, ಮೊದಲ ಅಳತೆ ಕಡಿಮೆ ಬರುವುದು ತಪ್ಪುತ್ತದೆ. ಗುಂಡಿಯನ್ನು ಬಿಡುವಾಗ ಹೆಬ್ಬೆರಳು ನಿಧಾನವಾಗಿ ಮೇಲೇರಲಿ, ಎಳೆದ ಮೇಲೆ ಒಂದು ಕ್ಷಣ ತುದಿ ದ್ರವದಲ್ಲೇ ಇರಲಿ.

ಪ್ಲಾಸ್ಮಾ ನೀರಿನಂತಲ್ಲ, ಮಂದ. ಅದಕ್ಕೆ ಹಿಮ್ಮುಖ ವಿಧಾನ ಒಳ್ಳೆಯದು. ಗುಂಡಿ ಒತ್ತುವಾಗ ಎರಡು ಕಡೆ ತಡೆ ಸಿಗುತ್ತದೆ. ಎರಡನೆಯ ತಡೆಯವರೆಗೂ ಒತ್ತಿ ಎಳೆಯಿರಿ, ಬಿಡುವಾಗ ಮೊದಲ ತಡೆಗೇ ನಿಲ್ಲಿಸಿ. ಟಿಪ್ಪಿನಲ್ಲಿ ತುಸು ಉಳಿಯುತ್ತದೆ, ಅದನ್ನು ಎಸೆಯಿರಿ. ಅಳತೆ ಸರಿಯಾಗಿರುತ್ತದೆ, ಕೊನೆಯಲ್ಲಿ ಗಾಳಿ ಊದಿ ಗುಳ್ಳೆ ಏಳುವುದೂ ಇಲ್ಲ. ಆದರೆ ಇದಕ್ಕೆ ಹೆಚ್ಚುವರಿ ದ್ರವ ಬೇಕು. ಇರುವುದೇ ಅಷ್ಟು ಎಂದಾಗ ಮುಮ್ಮುಖವಾಗಿಯೇ (ಮೊದಲ ತಡೆಯವರೆಗೆ ಒತ್ತಿ ಎಳೆದು, ಬಿಡುವಾಗ ಎರಡನೆಯದರವರೆಗೆ ಒತ್ತಿ) ಹಾಕಿ, ಎರಡನೆಯ ತಡೆಗೆ ಹೋಗುವ ಮುನ್ನ ತುದಿಯನ್ನು ಗೋಡೆಗೆ ತಾಗಿಸಿ.

ತೆರೆದ ಕಪ್ಪಿನಲ್ಲಿ ಬಿಟ್ಟ ಪ್ಲಾಸ್ಮಾ ಆವಿಯಾಗಿ ಗಟ್ಟಿಯಾಗುತ್ತದೆ, ಎಲ್ಲ ಅಂಕಿಗಳೂ ಒಟ್ಟಿಗೆ ಏರುತ್ತವೆ. ಬೇಸಿಗೆಯಲ್ಲಿ, ಫ್ಯಾನಿನ ಕೆಳಗೆ, ಇದು ಬೇಗ ನಡೆಯುತ್ತದೆ. ಮುಚ್ಚಳ ಹಾಕಿ, ಅಷ್ಟೇ.

ಹಂತ 8: ಡಿಸ್ಕ್ ತುಂಬುವುದು

ಡಿಸ್ಕ್ ಅನ್ನು ಅಂಚಿನಿಂದ ಹಿಡಿಯಿರಿ. ಮೇಲಿನ ಬಾರ್‌ಕೋಡ್ ಮೇಲೆ ಬೆರಳಚ್ಚು ಬೀಳಬಾರದು, ಕ್ಯೂವೆಟ್‌ಗಳ ಮೇಲೆ ಖಂಡಿತ ಬೀಳಬಾರದು. ಬೆಳಕು ಹಾಯುವುದು ಅಲ್ಲಿಂದಲೇ. ನೆಲಕ್ಕೆ ಬಿದ್ದ ಡಿಸ್ಕ್ ನೋಡಲು ಚೆನ್ನಾಗಿದ್ದರೂ ಬಳಸಬೇಡಿ, ಒಳಗಿನ ದ್ರಾವಣದ ಚೀಲ ಒಡೆದಿರಬಹುದು.

ರಕ್ತವಾದರೆ ತುಂಬುವ ಮುಂಚೆ ಟ್ಯೂಬನ್ನು ಮತ್ತೆ ತಲೆಕೆಳಗು ಮಾಡಿ ಬೆರೆಸಿ. ನಿಂತ ರಕ್ತದಲ್ಲಿ ಕಣ ಕೆಳಗೆ ಇಳಿದಿರುತ್ತದೆ. ತಳದಿಂದ ಎಳೆದರೆ ಬರೀ ಕಣ, ಡಿಸ್ಕ್‌ಗೆ ಪ್ಲಾಸ್ಮಾ ಸಾಲುವುದಿಲ್ಲ. ಆರಂಭದಲ್ಲಿ ಹೇಳಿದಂಥ ಕರೆ ಮಾಡಿದ ಮದ್ದೂರಿನ ಹುಡುಗಿ "ಸರಿಯಾಗಿಯೇ ಹಾಕಿದ್ದೆ" ಎಂದ ಡಿಸ್ಕ್‌ನ ಕಥೆ ಇದೇ ಆಗಿತ್ತು. ಅಳತೆ ಸರಿ, ಅಳೆದದ್ದು ಬರೀ ಕಣ.

ಡಿಸ್ಕ್ ಮಟ್ಟವಾದ ಮೇಜಿನ ಮೇಲಿರಲಿ. ಟಿಪ್ಪನ್ನು ಮಾದರಿಯ ಬಾಯಿಗೆ ಓರೆಯಾಗಿ ಹಿಡಿದು, ದ್ರವವನ್ನು ಒಂದೇ ಧಾರೆಯಲ್ಲಿ ನಿಧಾನವಾಗಿ ಬಿಡಿ. ಎರಡು ಕಂತಿನಲ್ಲಿ ಹಾಕಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸುಮಾರು 100 ಮೈಕ್ರೋಲೀಟರ್ ಕೇಳುವ ಡಿಸ್ಕ್‌ಗಳಿಗೆ 90ರಿಂದ 120ರವರೆಗೆ ನಡೆಯುತ್ತದೆ. ಗೆರೆ ಮುಟ್ಟಿದೆಯೇ ಎಂದು ಕಣ್ಣಿನ ಮಟ್ಟದಲ್ಲಿ ನೋಡಿ. ಗುಳ್ಳೆ ಕಂಡರೆ ಡಿಸ್ಕ್ ತಟ್ಟಬೇಡಿ, ಕುಲುಕಬೇಡಿ. ಅದೇ ಟಿಪ್ಪಿನಿಂದ ಮೆಲ್ಲನೆ ಹೊರಕ್ಕೆ ಎಳೆದು ಮತ್ತೆ ಬಿಡಿ. ಹೊರಗೆ ಚೆಲ್ಲಿದ್ದನ್ನು ಕಾಗದದ ಅಂಚಿನಿಂದ ಒರೆಸಿ, ಬಾಯಿಯ ಹತ್ತಿರ ಕಾಗದ ತಾಗಿದರೆ ಒಳಗಿನದನ್ನೂ ಅದು ಹೀರಿಕೊಳ್ಳುತ್ತದೆ, ಜಾಗ್ರತೆ. ತುಂಬಿದ ಡಿಸ್ಕ್ ಅನ್ನು ಮಟ್ಟವಾಗಿಯೇ ಹಿಡಿದು ಹತ್ತು ನಿಮಿಷದೊಳಗೆ ಯಂತ್ರಕ್ಕೆ ಹಾಕಿ.

ಹಂತ 9: ಓಡುತ್ತಿರುವಾಗ

ಸುಮಾರು ಕಾಲು ಗಂಟೆ. ಮೇಜಿಗೆ ಒರಗಬೇಡಿ, ಯಂತ್ರವನ್ನು ಸರಿಸಬೇಡಿ. ಈ ಹೊತ್ತಿನಲ್ಲಿ ಉಳಿದ ಮಾದರಿಯನ್ನು ಮುಚ್ಚಿ, ಹೆಸರು ಬರೆದು ಇಡಿ. ಎಸೆಯುವ ಕೆಲಸ ಅಂಕಿ ನೋಡಿದ ಮೇಲೆ.

ಹಂತ 10: ಅಂಕಿ ಬರೆಯುವ ಮೊದಲು ಈ ಲಕ್ಷಣಗಳನ್ನು ಹುಡುಕಿ

ಯಂತ್ರ ತಾನೇ ಕೊಡುವ ಎಚ್ಚರಿಕೆಗಳು ಒಂದು ಬಗೆ. ಕಣ ಒಡೆದದ್ದು, ಹಳದಿಯಾದದ್ದು, ಕೊಬ್ಬಿನಿಂದ ಹಾಲಿನಂತೆ ಬೆಳ್ಳಗಾದದ್ದು, ಇವುಗಳ ಸೂಚ್ಯಂಕವನ್ನು ಹಲವು ಯಂತ್ರಗಳು ಅಂಕಿಯ ಪಕ್ಕದಲ್ಲೇ ಮುದ್ರಿಸುತ್ತವೆ. ಅವನ್ನು ಓದದೆ ವರದಿ ಬರೆಯುವುದು ರಸ್ತೆ ನೋಡದೆ ಗಾಡಿ ಓಡಿಸಿದಂತೆ.

ಯಂತ್ರ ಹೇಳದವು ಇನ್ನೊಂದು ಬಗೆ. ಅವಕ್ಕೆ ನಿಮ್ಮ ಕಣ್ಣೇ ಬೇಕು. ಪೊಟ್ಯಾಸಿಯಂ ಮಾತ್ರ ಏರಿ, ಎಎಸ್‌ಟಿ ಕೂಡ ತುಸು ಏರಿದ್ದರೆ ಹಿಂಡಿದ ಬೆರಳನ್ನು ನೆನೆಸಿಕೊಳ್ಳಿ. ಪೊಟ್ಯಾಸಿಯಂ ಮೇಲಕ್ಕೆ, ಕ್ಯಾಲ್ಸಿಯಂ ಮತ್ತು ಇನ್ನೊಂದು ಕಿಣ್ವವಾದ ಎಎಲ್‌ಪಿ ಕೆಳಕ್ಕೆ ಹೋಗಿದ್ದರೆ ಇಡಿಟಿಎ ಬೆರೆತಿದೆ. ಸಕ್ಕರೆ ತೀರಾ ಕಡಿಮೆಯಾಗಿ ರೋಗಿ ಆರಾಮಾಗಿ ಕೂತು ಮಾತನಾಡುತ್ತಿದ್ದರೆ ಮಾದರಿ ಎಷ್ಟು ಹೊತ್ತು ಕಾದಿತ್ತೆಂದು ಗಡಿಯಾರ ನೋಡಿ. ಪ್ರೋಟೀನ್, ಆಲ್ಬುಮಿನ್, ಕ್ಯಾಲ್ಸಿಯಂ ಎಲ್ಲವೂ ಒಟ್ಟಿಗೆ ಇಳಿದಿದ್ದರೆ ಮಾದರಿ ತೆಳುವಾಗಿದೆ ಅಥವಾ ಡ್ರಿಪ್ ಹಾಕಿದ ಕೈಯಿಂದ ತೆಗೆದಿದ್ದೀರಿ. ಒಟ್ಟಿಗೆ ಏರಿದ್ದರೆ ಆವಿ, ಅಥವಾ ರಕ್ತ ತೆಗೆಯಲು ತೋಳಿಗೆ ಬಹಳ ಹೊತ್ತು ಕಟ್ಟಿದ ಪಟ್ಟಿ (ಟೂರ್ನಿಕೆ).

ಅನುಮಾನ ಬಂದರೆ ಅದೇ ಮಾದರಿಯನ್ನು ಮತ್ತೆ ಓಡಿಸಬೇಡಿ, ಕೆಟ್ಟ ಮಾದರಿ ಎರಡನೆಯ ಸಲವೂ ಅದೇ ಸುಳ್ಳನ್ನೇ ಹೇಳುತ್ತದೆ. ಹೊಸದಾಗಿ ತೆಗೆಯಿರಿ.

ಹಂತ 11: ಮಾದರಿ ಸಾಲದೇ ಹೋದರೆ

ಲೆಕ್ಕ ಮೊದಲೇ ಹಾಕಿ. 100 ಮೈಕ್ರೋಲೀಟರ್ ರಕ್ತದಲ್ಲಿ ಕಣಗಳ ಪಾಲು 45 ಆದರೆ ಪ್ಲಾಸ್ಮಾ 55, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಹುಟ್ಟಿದ ಕೂಸಿನಲ್ಲಿ ಕಣಗಳ ಪಾಲು 60ರವರೆಗೂ ಇರಬಹುದು, ಆಗ ಪ್ಲಾಸ್ಮಾ 40 ಮಾತ್ರ. ದೊಡ್ಡವರಿಗೆ ಸಾಕಾದ ಅಳತೆ ಕೂಸಿಗೆ ಸಾಲದಿರುವುದು ಇದಕ್ಕೇ.

ಸಾಲದಿದ್ದಾಗ ಎರಡು ದಾರಿ. ಕೇಳಿದ ಪರೀಕ್ಷೆಗಳಲ್ಲಿ ಯಾವುದು ತುರ್ತು ಎಂದು ವೈದ್ಯರನ್ನು ಕೇಳಿ, ಅದಕ್ಕೆ ಬೇಕಾದ ಚಿಕ್ಕ ಪ್ಯಾನೆಲ್ (ಪರೀಕ್ಷೆಗಳ ಗುಂಪು) ಓಡಿಸಿ. ಇಲ್ಲವೇ ಬೇರೆ ಬೆರಳಿನಿಂದ ಮತ್ತೆ ತೆಗೆಯಿರಿ. ಸಲೈನ್ ಬೆರೆಸಿ ಅಳತೆ ಕೂಡಿಸಿಕೊಂಡು ಆಮೇಲೆ ಗುಣಿಸುವ ಜಾಣತನ ಬೇಡ. ಸೀಲು ಮಾಡಿದ ಡಿಸ್ಕ್‌ನ ಅಳತೆಗಳು ಬೆರೆಸದ ಮಾದರಿಗೆಂದೇ ಹೊಂದಿಸಿದವು. ಎರಡು ದಿನದ ಎರಡು ಹನಿಗಳನ್ನು ಕೂಡಿಸುವುದಂತೂ ಸಲ್ಲದು.

"ಇನ್ನೊಮ್ಮೆ ಚುಚ್ಚಬೇಕೇ ಅಕ್ಕ?" ಎಂದು ತಾಯಿ ಕೂಸನ್ನು ಎದೆಗೆ ಒತ್ತಿಕೊಂಡು ಕೇಳಿದಾಗ ಹೌದು ಎನ್ನುವುದು ಕಷ್ಟ. ಹಾಗೆ ಕೇಳಿದವರಿಗೆ ನಾನು ಕಾರಣ ಹೇಳುತ್ತೇನೆ, ಕೂಸಿಗೆ ಹಾಲು ಕುಡಿಸಿ ಬೆಚ್ಚಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಬರಲು ಹೇಳುತ್ತೇನೆ. ಬೆಚ್ಚಗಿದ್ದ ಹಿಮ್ಮಡಿಯಿಂದ ಹನಿ ಸಲೀಸಾಗಿ ಬರುತ್ತದೆ.

ಹಂತ 12: ಮೇಜು ಖಾಲಿ ಮಾಡುವುದು

ಲ್ಯಾನ್ಸೆಟ್, ಸೂಜಿ ಎರಡೂ ತೂತಾಗದ ಬಿಳಿ ಡಬ್ಬಿಗೆ. ಟಿಪ್, ಪ್ಲಾಸ್ಟಿಕ್ ಟ್ಯೂಬು ಕೆಂಪು ಚೀಲಕ್ಕೆ. ರಕ್ತ ತಾಗಿದ ಹತ್ತಿ, ಗಾಜ್ ಹಳದಿಗೆ. ಗಾಜಿನದು ನೀಲಿ ಡಬ್ಬಿಗೆ. ಬಳಸಿದ ಡಿಸ್ಕ್‌ನಲ್ಲಿ ರಕ್ತ ಇನ್ನೂ ಇದೆ, ಅದನ್ನು ಆಫೀಸಿನ ಕಸದ ಬುಟ್ಟಿಗೆ ಎಸೆದದ್ದನ್ನು ಕಂಡಿದ್ದೇನೆ. ಚೆಲ್ಲಿದ ರಕ್ತದ ಮೇಲೆ ಕಾಗದ ಹಾಸಿ ಶೇಕಡ 1ರ ಹೈಪೋಕ್ಲೋರೈಟ್ ಸುರಿದು ಹತ್ತು ನಿಮಿಷ ಬಿಟ್ಟು ಒರೆಸಿ. ಆ ದ್ರಾವಣವನ್ನು ದಿನವೂ ಹೊಸದಾಗಿ ಮಾಡಿಕೊಳ್ಳಿ, ಯಂತ್ರದ ಒಳಕ್ಕೆ ಮಾತ್ರ ಅದನ್ನು ತಾಗಿಸಬೇಡಿ.

ಕೊನೆಗೆ ಪುಸ್ತಕದಲ್ಲಿ ಒಂದು ಸಾಲು: ಚುಚ್ಚಿದ ಸಮಯ, ಓಡಿಸಿದ ಸಮಯ, ಕೋಣೆಯ ಉಷ್ಣತೆ, ಡಿಸ್ಕ್‌ನ ಲಾಟ್, ರದ್ದಾಗಿದ್ದರೆ ಯಂತ್ರ ತೋರಿಸಿದ ಸಂದೇಶ. ನನಗೆ ಕರೆ ಮಾಡುವ ಮುನ್ನ ಆ ಪುಟವನ್ನು ತೆರೆದಿಟ್ಟುಕೊಳ್ಳಿ.